ಭಂಡಾರ ಮುಟ್ಟಿದ ಕೈಗಳು

ಹಟ್ಟಿಯಕ್ಕನ ಬಲಗೈ ಹೆಬ್ಬೆರಳ ತುದಿ ಹೊಳೆಯ ಕಲ್ಲಿನ ಹಾಗೆ ನುಣುಪಾಗಿತ್ತು. ಅದರಲ್ಲಿ ಗೆರೆಗಳೇ ಇರಲಿಲ್ಲ. ಚಿಕ್ಕಂದಿನಿಂದ ಕುರಿಯ ಉಣ್ಣೆ ನೂತು ನೂತು ಸವೆದ ಬೆರಳು. ಕೈಯಲ್ಲಿ ಉಣ್ಣೆ ಇಲ್ಲದಾಗಲೂ, ಅಧಿಕಾರಿಗಳ ಎದುರು ಕುಳಿತಾಗಲೂ, ಮೈಕಿನ ಮುಂದೆ ನಿಂತಾಗಲೂ ಆ ಹೆಬ್ಬೆರಳು ತೋರುಬೆರಳ ಮೇಲೆ ಉರುಳುತ್ತಲೇ ಇರುತ್ತಿತ್ತು. ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರ ಅದನ್ನು ಒಪ್ಪುತ್ತಿರಲಿಲ್ಲ. ಅಕ್ಕ ಪ್ರತಿ ತಿಂಗಳೂ ನಗುತ್ತ ಎಡಗೈ ಚಾಚುತ್ತಿದ್ದರು.

ವಯಸ್ಸಿನಲ್ಲಿ ಅವರು ನನಗಿಂತ ಚಿಕ್ಕವರು. ಆದರೆ ಮತ್ತೋಡಿನ ಸುತ್ತಲಿನ ಹಟ್ಟಿಗಳವರೆಲ್ಲ ಅಕ್ಕ ಎನ್ನುತ್ತಿದ್ದುದರಿಂದ ನಾನೂ ಹಾಗೆಯೇ ಕರೆದೆ. ನಾನು ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದವನು. ನಸುಕಿನಲ್ಲಿ ಎದ್ದು ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಮೊದಲ ಬಸ್ಸಿಗಿಂತ ಮುಂಚೆ ಕಿಟಕಿಯ ಹಿಂದೆ ಕೂರುವುದು ನನ್ನ ಕ್ರಮ. ನಿವೃತ್ತನಾದ ಮೇಲೂ ಅದು ಬದಲಾಗಲಿಲ್ಲ.

ಅವರ ಪರಿಚಯವಾದದ್ದು ಆ ಕಿಟಕಿಯಲ್ಲಿಯೇ. ಹೈಸ್ಕೂಲಿಗೆ ಬರುವ ಹೆಣ್ಣುಮಕ್ಕಳಿಗಾಗಿ ಬೆಳಗಿನ ಬಸ್ಸು ಹಟ್ಟಿಯ ಕ್ರಾಸಿನಲ್ಲಿ ನಿಲ್ಲಬೇಕು ಎಂಬುದು ಅವರ ಬೇಡಿಕೆ. ಅಲ್ಲಿ ನಿಲುಗಡೆ ಮಂಜೂರಾಗಿಲ್ಲ ಎಂದು ಹೇಳಿ ಕಳುಹಿಸಿದೆ. ಮರುದಿನ ನಾನು ಬಾಗಿಲು ತೆರೆಯುವ ಹೊತ್ತಿಗೆ ಎದುರಿನ ಬೆಂಚಿನ ಮೇಲೆ ಕುಳಿತಿದ್ದರು. "ಕಂಟ್ರೋಲ್ರಣ್ಣ, ಇವತ್ತೇನಾರ ಆತಾ?" ಎಂದು ಕೇಳಿದರು. ಇಲ್ಲ ಎಂದೆ. ಎದ್ದು ಹೋದರು. ಅದರ ಮರುದಿನವೂ ಬಂದರು. ಕೂಗಾಟವಿಲ್ಲ, ಧರಣಿಯಿಲ್ಲ, ಒಂದು ದಿನವೂ ತಡವಿಲ್ಲ. ಹೊತ್ತಿಗೆ ಸರಿಯಾಗಿ ಬರುವವರನ್ನು ಕಂಡರೆ ನನಗೆ ಗೌರವ. ಕೊನೆಗೆ ಮೇಲಿನವರಿಗೆ ನಾನೇ ಬರೆದು, ಬೆನ್ನು ಹತ್ತಿ, ಬಸ್ಸು ನಿಲ್ಲುವಂತೆ ಮಾಡಿದೆ.

ಆದರೆ ಅವರ ದೊಡ್ಡ ಕೆಲಸ ಬಸ್ಸಿನದಲ್ಲ. ಹಟ್ಟಿಯ ಪೆಟ್ಟಿಗೆ ಅಂಗಡಿಗಳಲ್ಲಿ ಕದ್ದು ಸಾರಾಯಿ ಮಾರುತ್ತಿದ್ದ ಕಾಲವೊಂದಿತ್ತು. ಪೊಲೀಸರು ಬಂದು ಹೋದರೂ ಅದು ನಿಲ್ಲಲಿಲ್ಲ. ಆಗ ಅಕ್ಕ ಗಂಡಸರನ್ನೆಲ್ಲ ದೇವರ ಗುಡಿಯ ಮುಂದೆ ಕೂರಿಸಿ, ತಟ್ಟೆಯಲ್ಲಿ ಭಂಡಾರ ಇಟ್ಟರು. ಭಂಡಾರವೆಂದರೆ ದೇವರ ಅರಿಶಿನದ ಪುಡಿ. ಕುರಿ ಕಾಯುವ ಆ ಜನಕ್ಕೆ ಅದನ್ನು ಮುಟ್ಟಿ ಆಡಿದ ಮಾತಿಗಿಂತ ದೊಡ್ಡದು ಬೇರೆ ಇಲ್ಲ. ಯಾರನ್ನೂ ಒತ್ತಾಯ ಮಾಡಲಿಲ್ಲ. ಮನಸ್ಸಿದ್ದವರು ಮುಟ್ಟಿ, ಇಲ್ಲದವರು ಎದ್ದು ಹೋಗಿ ಎಂದರು. ಕೆಲವರು ಎದ್ದು ಹೋದರು, ಸ್ವಲ್ಪ ಹೊತ್ತಿಗೆ ತಿರುಗಿ ಬಂದು ಅವರೂ ಮುಟ್ಟಿದರು. ಅಂಗಡಿಗಳು ತಾವಾಗಿ ಮುಚ್ಚಿದವು. ಹಿರಿಯೂರಿಗೆ ಮದುವೆಗೆ ಹೋಗಿ ಕುಡಿದು ಬಂದವನೊಬ್ಬ ಮರುದಿನ ತಾನೇ ಬಂದು ಒಪ್ಪಿಕೊಂಡ. ಅಕ್ಕ ಬೈಯಲಿಲ್ಲ. ಅಮಾವಾಸ್ಯೆಯವರೆಗೆ ಊರ ಕುರಿಗಳಿಗೆಲ್ಲ ನೀನೇ ನೀರು ಸೇದಿ ಹಾಕು ಎಂದರು. ಹಾಕಿದ. ಪಕ್ಕದ ಹಟ್ಟಿಗಳವರೂ ಬಂದು ತಮ್ಮಲ್ಲಿಯೂ ಹೀಗೆಯೇ ಮಾಡಿಸಿಕೊಂಡರು.

ಅಕ್ಕನ ತಂಗಿ ಹೆರಿಗೆ ನೋವಿನಲ್ಲಿ, ದೂರದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಗೂಡ್ಸ್ ಆಟೊದ ಹಿಂಬದಿಯಲ್ಲಿಯೇ ತೀರಿಕೊಂಡಿದ್ದರು. ಅಂದಿನಿಂದ ಹಟ್ಟಿಗಳ ಹತ್ತಿರ ಒಂದು ಹೆರಿಗೆ ಆಸ್ಪತ್ರೆಯಾಗಬೇಕೆಂದು ಅಕ್ಕ ಚಿತ್ರದುರ್ಗಕ್ಕೆ ಅಲೆದರು. ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿತ್ತು, ಆಸ್ಪತ್ರೆ ಬರಲಿಲ್ಲ. ವಿಧಾನಸಭೆ ಚುನಾವಣೆ ಹತ್ತಿರವಾದಾಗ ಒಂದು ದಿನ ನಮ್ಮ ಮನೆಗೆ ಬಂದು, "ಕಂಡೋರ ಬಾಗ್ಲಾಗೆ ಕುಂತು ಸಾಕಾತು. ಒಳಗೇ ಹೋಗಿ ಕುಂತ್ಕಳಾಣ ಅಂತೀನಿ" ಎಂದರು. ಪಕ್ಷೇತರರಾಗಿ ನಿಂತರು. ಚಿಹ್ನೆ ಹೊಲಿಗೆ ಯಂತ್ರ.

ಅಷ್ಟು ಹೊತ್ತಿಗೆ ನಾನು ನಿವೃತ್ತನಾಗಿದ್ದೆ, ಓಡಾಟದ ಏರ್ಪಾಟು ನನ್ನದಾಯಿತು. ಯಾವ ಊರಿಗೆ ಯಾವ ಹೊತ್ತಿಗೆ ಎಂದು ಬಸ್ಸುಗಳಿಗೆ ಮಾಡಿದಂತೆ ವೇಳಾಪಟ್ಟಿ ಮಾಡಿದೆ. ಹೊಳಲ್ಕೆರೆಯ ಪರಿಚಯದವರೊಬ್ಬರು ಹಳೆಯ ಜೀಪು ಕೊಟ್ಟರು. ಜೀಪು ದಾರಿಯಲ್ಲಿ ನಿಂತರೆ ಅಕ್ಕ ಇಳಿದು ನಡೆದೇಬಿಡುತ್ತಿದ್ದರು. ನಾನು ಗಡಿಯಾರ ನೋಡಿದರೆ, "ಕಂಟ್ರೋಲ್ರಣ್ಣ, ವಿಧಾನಸೌಧ ಏನು ಹೊಸದುರ್ಗ ಬಸ್ಸಾ, ಬಿಟ್ಟೋಗಾಕೆ?" ಎಂದು ಛೇಡಿಸುತ್ತಿದ್ದರು. ಹಟ್ಟಿಗಳ ಹೆಂಗಸರು ಹೋದಲ್ಲೆಲ್ಲ ಆರತಿ ಎತ್ತಿದರು. ಗೆಲ್ಲುತ್ತೇವೆ ಎಂದೇ ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು.

ಮತದಾನದ ಹಿಂದಿನ ದಿನ ಮಧ್ಯಾಹ್ನ ಅಕ್ಕನ ಮನೆಯಂಗಳದಲ್ಲಿ ಚಹಾ ಕುಡಿಯುತ್ತಿದ್ದೆ. ಹಟ್ಟಿಗಳ ಹೆಂಗಸರು ಗುಂಪಾಗಿ ಬಂದರು. ಯಾರೂ ತಲೆ ಎತ್ತಲಿಲ್ಲ. ಎಲ್ಲರಿಗಿಂತ ಹಿರಿಯ ಮುದುಕಿಯೊಬ್ಬಳು ಮುಂದೆ ಬಂದು ವಿಷಯ ಹೇಳಿದಳು. ಎದುರಾಳಿ ಅಭ್ಯರ್ಥಿಯೊಬ್ಬರ ಕಡೆಯವರು ಮನೆಮನೆಗೆ ಕುಕ್ಕರ್ ಹಂಚಿ, ನಿಮಗೇ ಓಟು ಹಾಕುತ್ತೇವೆ ಎಂದು ಭಂಡಾರ ಮುಟ್ಟಿಸಿಕೊಂಡು ಹೋಗಿದ್ದರು.

"ಅದ್ರಾಗೆ ಬೇಳೆನೂ ಬೇಯಲ್ಲ ಕಣವ್ವ, ಬರೀ ಸೀಟಿ ಹೊಡಿತೈತೆ" ಎಂದಳು ಮುದುಕಿ. "ನೀನೊಂದು ಮಾತು ಹೇಳು. ಅದು ಆಣೆ ಅಲ್ಲ ಅನ್ನು. ದೇವ್ರು ನಿನ್ ಮಾತು ಕೇಳ್ತಾನೆ. ನಾವೆಲ್ಲ ನಿಂಗೇ ಒತ್ತತೀವಿ."

ನನಗೆ ತಡೆಯಲಾಗಲಿಲ್ಲ. ಆಮಿಷ ತೋರಿಸಿ ಮಾಡಿಸಿಕೊಂಡ ಆಣೆಗೆ ಬೆಲೆಯಿಲ್ಲ, ಮತಯಂತ್ರದ ಮುಂದೆ ನೀವು ಏನು ಒತ್ತುತ್ತೀರೆಂದು ಯಾರೂ ನೋಡುವುದಿಲ್ಲ, ಧೈರ್ಯವಾಗಿ ಹೋಗಿ ಎಂದು ಹೇಳಿದೆ. ಅವರು ನನ್ನ ಕಡೆ ನೋಡಲೂ ಇಲ್ಲ. ಅವರಿಗೆ ಬೇಕಾಗಿದ್ದುದು ಅಕ್ಕನ ಬಾಯಿಂದ ಆ ಮಾತು.

ಅಕ್ಕ ಹೆಬ್ಬೆರಳು ಉರುಳಿಸುತ್ತ ಕೇಳಿದರು: "ಕೈ ಹಿಡ್ದು ಮುಟ್ಸಿದ್ರಾ, ನೀವೇ ಮುಟ್ಟಿದ್ರಾ?"

"ನಾವೇ ಮುಟ್ಟಿದ್ವಿ."

"ಹಂಗಾರೆ ಮುಟ್ಟಿದ್ದು ಮುಟ್ಟಿದ್ದೇ. ಹೋಗಿ ಅವ್ರಿಗೇ ಹಾಕ್ರಿ."

ಹೆಂಗಸರು ಅತ್ತರು. ಒಬ್ಬಳು ಅಕ್ಕನ ಕಾಲು ಹಿಡಿದಳು. ಅಕ್ಕ ಅವಳನ್ನು ಎಬ್ಬಿಸಿ ಹೇಳಿದರು: "ನನ್ ಸಲುವಾಗಿ ಇವತ್ತು ಭಂಡಾರ ಸುಳ್ಳಾದ್ರೆ, ನಾಳೆ ನಿಮ್ ಗಂಡಸ್ರು ಅದೇ ಮಾತು ಹೇಳಿ ಸಾರಾಯಿ ಮುಂದೆ ಕುಂತ್ಕಂತಾರೆ. ಅವಾಗ ನಾನು ಯಾವ ಬಾಯಾಗೆ ಬ್ಯಾಡ ಅನ್ಲಿ?"

ಅವರು ಹೋದ ಮೇಲೆ ನಾನು ಜಗಳವಾಡಿದೆ. ಅಷ್ಟು ಗಟ್ಟಿಯಾಗಿ ನಾನು ಯಾರೊಂದಿಗೂ ಮಾತನಾಡಿದವನಲ್ಲ. ಇಷ್ಟು ದಿನದ ಓಡಾಟ ಏನಾಯಿತು, ಆಸ್ಪತ್ರೆ ಏನಾಯಿತು ಎಂದೆ. ಕೊನೆಗೆ ಅವರ ತಂಗಿಯ ಹೆಸರನ್ನೂ ಎತ್ತಿದೆ. ಅಕ್ಕ ನನ್ನನ್ನು ನೇರವಾಗಿ ನೋಡಿದರು.

"ಅದು ನೆನಪೈತೆ ಕಂಟ್ರೋಲ್ರಣ್ಣ. ನೀವು ನೆನಪು ಮಾಡ್ಬೇಕಾಗಿಲ್ಲ."

ಚಿತ್ರದುರ್ಗದಲ್ಲಿ ಎಣಿಕೆಯ ದಿನ ಏಜೆಂಟನಾಗಿ ನಾನು ಒಳಗಿದ್ದೆ. ಹಟ್ಟಿಗಳ ಯಂತ್ರಗಳು ತೆರೆದಾಗ ಹೊಲಿಗೆ ಯಂತ್ರದ ಮುಂದೆ ಬಂದ ಅಂಕಿ ನೋಡಿ ನನ್ನ ಪಕ್ಕದಲ್ಲಿದ್ದ ಬೇರೆ ಪಕ್ಷದವನೇ ಪಾಪ ಎಂದ. ಬರುವುದು ಗೊತ್ತಿತ್ತು. ಆದರೂ ಆ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಂಡೆ. ಕುಕ್ಕರ್ ಕೊಟ್ಟವರು ಗೆದ್ದಿದ್ದರು. ಅಕ್ಕನ ಠೇವಣಿ ಹೋಗಿತ್ತು.

ಮರುವಾರ ಅಕ್ಕ ನನ್ನನ್ನು ಕರೆದುಕೊಂಡು ಗೆದ್ದವರ ಮನೆಗೆ ಹೋದರು. ಅಭಿನಂದನೆ ಹೇಳಲು ಎಂದುಕೊಂಡಿದ್ದೆ. ಹೂಮಾಲೆಗಳ ನಡುವೆ ಕುಳಿತಿದ್ದ ಅವರ ಮುಂದೆ ಅಕ್ಕ ಸೆರಗಿನ ಗಂಟು ಬಿಚ್ಚಿ, ಎಲೆಯ ಮೇಲೆ ಭಂಡಾರ ಇಟ್ಟರು. "ಹಟ್ಟಿ ಹೆಣ್ಮಕ್ಳು ಕೊಟ್ಟ ಮಾತು ಉಳಿಸ್ಕಂಡವ್ರೆ. ಹೆರಿಗೆ ಆಸ್ಪತ್ರೆ ಕಟ್ಟಿಸ್ತೀನಿ ಅಂತ ನೀವೂ ಮುಟ್ರಿ ಸಾಹೇಬ್ರೆ" ಎಂದರು. ಸಾಹೇಬರು ನಕ್ಕರು, ಮಾಡೋಣ ಎಂದರು, ಕಾಫಿ ತರಿಸಿದರು. ಕೈ ಮಾತ್ರ ಶಾಲಿನೊಳಗೆ ಎಳೆದುಕೊಂಡರು. ಅಷ್ಟು ದೊಡ್ಡ ಮನುಷ್ಯ ಒಂದು ಚಿಟಿಕೆ ಅರಿಶಿನಕ್ಕೆ ಹಾಗೆ ಹೆದರಿದ್ದನ್ನು ನೋಡಿ ನಾನು ದಂಗಾದೆ. ಅಕ್ಕ ಭಂಡಾರವನ್ನು ಮತ್ತೆ ಗಂಟು ಕಟ್ಟಿಕೊಂಡರು.

ಆ ಸಂಜೆ ಹೆಂಗಸರನ್ನು ಕೂರಿಸಿ ಹೇಳಿದ್ದು ಎರಡೇ ಮಾತು: "ಅವ್ರು ಮುಟ್ಲಿಲ್ಲ. ಮುಂದಿನ ಸಲ ನೀವೂ ಮುಟ್ಬ್ಯಾಡ್ರಿ."

ಆ ಮುಂದಿನ ಸಲವನ್ನು ಅವರು ಕಾಣಲಿಲ್ಲ. ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ, ಕುರಿದೊಡ್ಡಿಯ ಬಾಗಿಲು ತೆಗೆಯುತ್ತ ಅಲ್ಲಿಯೇ ಕುಸಿದರು. ಎದೆನೋವಂತೆ. ಸುದ್ದಿ ತಂದವನಿಗೆ ನಾನು, ಇವತ್ತು ನಾವು ಚಿತ್ರದುರ್ಗಕ್ಕೆ ಹೋಗಬೇಕಿತ್ತಲ್ಲ ಎಂದೆನಂತೆ. ಆಸ್ಪತ್ರೆಯ ಅರ್ಜಿ ಹಿಡಿದು ಈಗ ಸೋಮವಾರದ ಮೊದಲ ಬಸ್ಸು ಹತ್ತುವವನು ನಾನು. ಅವರಂತೆಯೇ ಬೆಂಚಿನ ಮೇಲೆ ಕೂರುತ್ತೇನೆ, ಏನಾದರೂ ಆಯಿತೇ ಎಂದು ಕೇಳಿ ಎದ್ದು ಬರುತ್ತೇನೆ.

ಮತ್ತೊಂದು ಚುನಾವಣೆ ಬಂತು. ಹಟ್ಟಿಯಲ್ಲಿ ಅದೇ ಸಾಹೇಬರ ಕಡೆಯವರ ಜೀಪು ನಿಂತಾಗ ನಾನು ಅಲ್ಲಿಯೇ ಇದ್ದೆ. ಈ ಸಲ ಮಿಕ್ಸಿ. ಜೊತೆಗೆ ಭಂಡಾರದ ತಟ್ಟೆ. ಹೆಂಗಸರು ಬಾಗಿಲಲ್ಲಿ ನಿಂತು ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡರು. ತಟ್ಟೆ ಹಿಡಿದವನು ಒಂದೊಂದೇ ಬಾಗಿಲು ದಾಟಿ ಕೊನೆಗೆ ಆ ಮುದುಕಿಯ ಮುಂದೆ ಬಂದು ನಿಂತ.

ಮುದುಕಿ ಮಿಕ್ಸಿಯ ಡಬ್ಬವನ್ನೂ ತಟ್ಟೆಯನ್ನೂ ನಿಧಾನವಾಗಿ ನೋಡಿದಳು.

"ಎರಡೂ ತಗಂಡೋಗಪ್ಪ" ಎಂದಳು. "ನಮ್ಮಕ್ಕನ್ನ ಸೋಲ್ಸಿದ ಕೈ ಇದು. ಇನ್ನು ಏನೂ ಮುಟ್ಟಲ್ಲ."