ಒಗೆಯದ ಕುಬಸ

ಸಗರದ ಮಾನಮ್ಮ ಗೊಂಬೆ ಮಾಡಲು ಹೊಸ ಬಟ್ಟೆಯನ್ನು ಮುಟ್ಟುತ್ತಿರಲಿಲ್ಲ. ಯಾರ ಗೊಂಬೆಯೋ ಅವರು ತೊಟ್ಟು ಹಳತಾದ ಬಟ್ಟೆಯೇ ಬೇಕು, ಅದೂ ಒಗೆಯದ್ದು. ಒಗೆದರೆ ಮೊಣಕೈಯ ಮಡಿಕೆ, ಬೆನ್ನಿನ ಬಾಗು ಎಲ್ಲಾ ಹೋಗಿ ಬರೀ ಅರಿವೆ ಉಳಿಯುತ್ತದೆ ಎನ್ನುವುದು ಅವಳ ಹಟ. ಬಳೆಗಾರ ಚಾಂದಪಾಶಾನ ಅಂಗಿಯಿಂದ ಮಾಡಿದ ಗೊಂಬೆ ಅವನಂತೆಯೇ ಎಡಕ್ಕೆ ವಾಲಿ ಕೂರುತ್ತಿತ್ತು. ನಲವತ್ತು ವರ್ಷ ಬಳೆಯ ಗಂಟು ಹೊತ್ತ ಹೆಗಲು ಅದು. "ಯವ್ವಾ, ನನ್ನ ಬೆನ್ನನೋವೂ ಹೊಲದೀಯಲ್ಲ!" ಎಂದು ಅವನು ನಕ್ಕಿದ್ದ. ಶಹಾಪುರದ ಅಂಗಡಿಯೊಂದು ಅವಳ ಗೊಂಬೆಗಳನ್ನು ಗಾಜಿನೊಳಗಿಟ್ಟು ಮಾರುತ್ತಿತ್ತು. ತಿಂಥಣಿಯಿಂದ ಮದುವೆಯಾಗಿ ಬಂದು, ಗಂಡ ತೀರಿದ ಮೇಲೆ ಒಬ್ಬಳೇ ಉಳಿದವಳಿಗೆ ಓಣಿಯ ಮಂದಿಯೇ ಬಳಗ, ಅವರ ನಡೆ ನಿಲುವೇ ಕಸುಬಿನ ಬಂಡವಾಳ.

ಆದರೆ ಈ ಸೀಮೆಯಲ್ಲಿ ತೊಟ್ಟ ಬಟ್ಟೆ ಒಗೆಯದೆ ಪರರ ಕೈಗೆ ಹೋಗಬಾರದು. ಹೋದರೆ ಬಾನಾಮತಿ ಮಾಡುತ್ತಾರೆ ಎಂಬ ಭಯ. ಬೆವರಿನ ಬಟ್ಟೆ, ಅದರದೊಂದು ಗೊಂಬೆ, ಗೊಂಬೆಗೊಂದು ಸೂಜಿ, ಮಾಟಕ್ಕೆ ಬೇಕಾದದ್ದು ಇಷ್ಟೇ ಅಂತೆ. ಮಾನಮ್ಮನ ಕಸುಬಿಗೆ ಬೇಕಾದದ್ದೂ ಇಷ್ಟೇ. "ಮಾಟ ಬರತಿದ್ರ ಮೊದಲ ನನ್ನ ಮಾಳಗಿ ಸೋರೂದ ನಿಲ್ಲಸ್ತಿದ್ದೆ" ಎಂದು ಅವಳು ನಗಿಸುತ್ತಿದ್ದಳು. ಎದುರುಮನೆಯ ಮಲಕಮ್ಮ ಮಾತ್ರ ನಗುತ್ತಿರಲಿಲ್ಲ. ಬಟ್ಟೆ ಒಣಗುವ ತನಕ ಹಗ್ಗದ ಕೆಳಗೇ ಕಾವಲು ಕೂರುವ ಹೆಣ್ಣುಮಗಳು ಅವಳು.

ಅಂಥವಳ ಸೊಸೆ ಉಮಾ ಒಂದು ಮಧ್ಯಾಹ್ನ ತಾನು ತೊಟ್ಟು ಬಿಚ್ಚಿದ ಹಸಿರು ಕುಬಸವನ್ನು ಸೆರಗಿನಡಿ ಮುಚ್ಚಿಕೊಂಡು ಬಂದಳು. ಏಳು ತಿಂಗಳ ಬಸುರಿ.

"ದೊಡ್ಡವ್ವಾ, ನನ್ನಂಗ ಒಂದು ಗೊಂಬಿ ಮಾಡಿಕೊಡು. ನಮ್ಮವ್ವ ನನ್ನ ಹಡದು ಸತ್ತಾಕಿ. ಆಕಿ ಮಾರಿ ಹ್ಯಾಂಗಿತ್ತಂತ ನನಗ ಇವತ್ತಿಗೂ ಗೊತ್ತಿಲ್ಲ. ನನಗೇನರ ಆದ್ರ ನನ್ನ ಕೂಸಿಗಿ ಆ ಗೊಂಬಿ ಆದ್ರೂ ಇರಲಿ."

"ಥೂ, ಬಿಡ್ತು ಅನ್ನು. ನಿಮ್ಮತ್ತಿಗಿ ಹೇಳೀದೇನು?"

"ಆಕಿಗಿ ಗೊತ್ತಾಗಬಾರದು. ಹೇಳೂದಿಲ್ಲಂತ ನನ್ನ ಕೈ ಮುಟ್ಟು."

ಮಾನಮ್ಮ ಕೈ ಮುಟ್ಟಿದಳು. ಕಾರಣ ಅವಳಿಗೂ ಗೊತ್ತಿತ್ತು. ಹುಟ್ಟುವ ಮೊದಲು ಕೂಸಿಗೆಂದು ಏನನ್ನೂ ಹೊಲಿಸಬಾರದು. ಮೊದಲ ಬಸುರಿನಲ್ಲಿ ಉಮಾ ಆಸೆಯಿಂದ ಒಂದು ಕುಲಾಯಿ ಹೊಲಿಸಿಟ್ಟಿದ್ದಳು, ಕೂಸು ದಕ್ಕಲಿಲ್ಲ. ಅಂಗೈಯಗಲದ ಆ ಟೊಪ್ಪಿಗೆಯೇ ಕೂಸನ್ನು ನುಂಗಿತೆಂದು ಮಲಕಮ್ಮ ಎರಡು ವರ್ಷ ಸೊಸೆಯನ್ನು ಮಾತಿನಲ್ಲೇ ಹುರಿದಿದ್ದಳು.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಮಾನಮ್ಮ ಗೊಂಬೆಯ ಹೊಟ್ಟೆಯ ಮೇಲಿನ ಹೊಲಿಗೆ ಹಾಕುತ್ತಿದ್ದಳು, ಕಣ್ಣು ಬರೆಯುವುದು ಬಾಕಿಯಿತ್ತು. ಎದುರುಮನೆಯಿಂದ ಚೀರಾಟ ಕೇಳಿಸಿತು. ಇಪ್ಪತ್ತು ವರ್ಷದಲ್ಲಿ ಸೂಜಿಯನ್ನು ತನ್ನ ಸೆರಗಿಗಲ್ಲದೆ ಬೇರೆ ಕಡೆ ಚುಚ್ಚಿಟ್ಟವಳಲ್ಲ. ಅಂದು ಗಾಬರಿಯಲ್ಲಿ ಕೈ ಎಲ್ಲಿತ್ತೋ ಅಲ್ಲೇ ಚುಚ್ಚಿ ಓಡಿದಳು.

ಉಮಾ ಅಂಗಳದಲ್ಲಿ ಸೆಟೆದು ಬಿದ್ದಿದ್ದಳು, ಬಾಯಲ್ಲಿ ನೊರೆ. ಗಂಡ ಭೀಮಾಶಂಕರ ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದ. "ಹೊದಿಸಾಕ ನಮ್ಮನ್ಯಾಗ ಕೌದಿ ಐತಿ, ಓಡಿ ತಗೊಂಬಾ" ಎಂದು ಪಕ್ಕದ ಮನೆಯ ಹನುಮಮ್ಮನನ್ನು ಅಟ್ಟಿದವಳು ಮಾನಮ್ಮನೇ. ಹನುಮಮ್ಮ ಕೌದಿ ತಂದಳು. ಅದರ ಪಕ್ಕ ಕಂಡದ್ದನ್ನು, ಉಮಾಳನ್ನು ಹೊತ್ತ ಗಾಡಿ ಯಾದಗಿರಿಯ ದಾರಿ ಹಿಡಿದ ಮೇಲೆ, ಮಲಕಮ್ಮನ ಕಿವಿಯಲ್ಲಿ ಊದಿದಳು.

ಅರ್ಧ ತಾಸಿನಲ್ಲಿ ಓಣಿಯೆಲ್ಲಾ ಮಾನಮ್ಮನ ಅಂಗಳದಲ್ಲಿತ್ತು. ಮಲಕಮ್ಮನ ಕೈಯಲ್ಲಿ ಗೊಂಬೆ. ಹಸಿರು ಕುಬಸ, ಉಮಾಳದೇ ಗುಂಡು ಗಲ್ಲ, ಕಣ್ಣಿಲ್ಲದ ಮುಖ, ಹೊಟ್ಟೆಯಲ್ಲಿ ಸೂಜಿ. ಮಾನಮ್ಮನ ಕೈ ತನ್ನ ಸೆರಗಿನಲ್ಲಿ ಸೂಜಿಯನ್ನು ತಡಕಿತು.

"ಇದು ನನ್ನ ಸೊಸಿ ಕುಬಸ. ನಿನ್ನ ಕೈಯಾಗ ಹ್ಯಾಂಗ ಬಂತು?"

ಉಮಾನೇ ಕೊಟ್ಟಳು ಎಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಆಮೇಲೆ ಆ ಹುಡುಗಿಯ ಗತಿ? ಕೂಸು ಹೋದರೆ ಮತ್ತದೇ ಕುಲಾಯಿಯ ಕಥೆ, ಈ ಸಲ ಸಾಯುವ ತನಕ. ಹೇಳದಿದ್ದರೆ ತನ್ನ ಗತಿ? ಬಾನಾಮತಿಯ ಹೆಸರು ಹೊತ್ತವರ ಹಲ್ಲು ಕೀಳುತ್ತಿದ್ದರಂತೆ ಎಂದು ಚಿಕ್ಕಂದಿನಲ್ಲಿ ಕೇಳಿದ್ದಳು. ನಾಲಿಗೆ ತಾನಾಗಿ ಹಲ್ಲಿನ ಸಾಲನ್ನು ಮುಟ್ಟಿ ನೋಡಿತು.

"ಯಾರೂ ಕೊಟ್ಟಿಲ್ಲ. ಹಗ್ಗದ ಮ್ಯಾಲಿಂದ ನಾನ ತಗೊಂಡೆ. ಬಣ್ಣ ಚಂದಿತ್ತು."

ಮಲಕಮ್ಮ ಒಂದು ಗಳಿಗೆ ಅವಳನ್ನೇ ನೋಡಿದಳು.

"ಸುಡು ಇದನ್ನ, ನಿನ್ನ ಕೈಯಾರೆ. ದವಾಖಾನಿಯಿಂದ ಕೆಟ್ಟ ಸುದ್ದಿ ಬಂದ್ರ ನೀ ಈ ಊರಾಗ ಇರೂದಿಲ್ಲ."

"ಸೂಜಿ ಹೊಲಿಯಾಕ ಅಲ್ಲದ ಮತ್ಯಾಕರಿ?" ಎಂದ ಚಾಂದಪಾಶಾನನ್ನು ಹಿಂದಕ್ಕೆ ನೂಕಿದರು. ಮಾನಮ್ಮ ಸೂಜಿ ಕಿತ್ತು ಸೆರಗಿಗೆ ಚುಚ್ಚಿಕೊಂಡಳು. ಒಲೆಯ ಮುಂದೆ ಕೂತು ಗೊಂಬೆಯ ಕಾಲನ್ನು ಮೊದಲು ಬೆಂಕಿಗೆ ಇಳಿಸಿದಳು, ಮುಖ ಕಡೆಗೆ ಸುಡಲಿ ಎಂದು.

ಯಾರೂ ಮನೆಗೆ ಹೋಗಲಿಲ್ಲ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ಮಲಕಮ್ಮನ ಮಡಿಲಿನ ಫೋನನ್ನು ಎಲ್ಲರೂ ನೋಡುತ್ತಿದ್ದರು, ಎಲ್ಲರಿಗಿಂತ ಹೆಚ್ಚಾಗಿ ಮಾನಮ್ಮ. ನಾಲ್ಕರ ಸುಮಾರಿಗೆ ಅದು ಬಡಿದುಕೊಂಡಿತು. ಭೀಮಾಶಂಕರನ ದನಿ ಹೊರಗಿನವರಿಗೂ ಕೇಳುತ್ತಿತ್ತು. "ಬಿಪಿ ಏರಿ ಫಿಟ್ಸ್ ಬಂದಿತ್ತಂತವ್ವ. ಆಪರೇಷನ್ ಮಾಡ್ಯಾರ. ಹೆಣ್ಣು ಕೂಸು. ಇಬ್ಬರೂ ಅರಾಮ ಅದಾರ."

ಮಾನಮ್ಮ ಅತ್ತುಬಿಟ್ಟಳು. ಅಷ್ಟರಲ್ಲಿ ಹನುಮಮ್ಮ ಕೂಗಿದಳು: "ನೋಡ್ರಿ, ಗೊಂಬಿ ಸುಟ್ಟಿದ್ದಕ್ಕ ಉಳದಾಳ!"

ಎಲ್ಲರೂ ಹೌದೌದೆಂದರು. ಒಳ್ಳೆಯ ಸುದ್ದಿಯೇ ಮಾನಮ್ಮನ ಮೇಲಿನ ತಪ್ಪನ್ನು ಖಾತ್ರಿ ಮಾಡಿತ್ತು. ಮರುದಿನದಿಂದ ಅವಳು ನಲ್ಲಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಒಂದು ಚಿಂದಿಯೂ ಯಾರ ಮನೆಯಿಂದಲೂ ಬರಲಿಲ್ಲ. ಹದಿನೈದು ದಿನ ಮಾನಮ್ಮ ಸೂಜಿಗೆ ದಾರ ಪೋಣಿಸಲಿಲ್ಲ.

ಹದಿನಾರನೆಯ ದಿನ ಉಮಾ ಬಂದಳು. ಕೂಸನ್ನು ಎದೆಗೆ ಅವುಚಿಕೊಂಡು ಗಾಡಿಯಿಂದ ಇಳಿದವಳೇ ಎದುರಿನ ಮಾನಮ್ಮನ ಬಾಗಿಲಿನತ್ತ ತಿರುಗಿದಳು. ಕೂಸು ದಕ್ಕಿತ್ತು, ಇನ್ನು ಮುಚ್ಚಿಡುವುದೇನೂ ಇರಲಿಲ್ಲ. "ದೊಡ್ಡವ್ವಾ, ನನ್ನ ಗೊಂಬಿ ಮುಗೀತೇನು?"

"ಸುಟ್ಟೀವಿ ಅದನ್ನ" ಎಂದಳು ಹನುಮಮ್ಮ.

ಉಮಾ ಅತ್ತೆಯ ಮುಖ ನೋಡಿದಳು. "ಕುಬಸ ನಾ ಕೊಟ್ಟಿದ್ದೆ, ಅತ್ತಿ. ನಾನ ಕೇಳಿ ಮಾಡಸಿದ್ದೆ. ಬೈಯೂದಿದ್ರ ನನಗ ಬೈಯಿ." ಮಲಕಮ್ಮ ಕೂಸನ್ನು ಇಸಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಮಲಕಮ್ಮ ಮಾನಮ್ಮನ ಬಾಗಿಲಲ್ಲಿ ನಿಂತಿದ್ದಳು.

"ಹಗ್ಗದ ಕೆಳಗ ಕುಂದ್ರಾಕಿ ನಾನ. ನೀ ಸುಳ್ಳು ಹೇಳಾಕತ್ತಿದ್ದು ನನಗ ಅವತ್ತ ಗೊತ್ತಿತ್ತು. ತಪ್ಪು ಯಾರ ಮ್ಯಾಲರ ಹಾಕಬೇಕಾಗಿತ್ತು, ನಿನ್ನ ಮ್ಯಾಲ ಹಾಕಿದೆ."

ಮಾನಮ್ಮನ ಸಿಟ್ಟು ಇಳಿದಿರಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ಮಲಕಮ್ಮ ಸೆರಗಿನಡಿಯಿಂದ ಒಂದು ಕುಬಸ ತೆಗೆದು ಹೊಸ್ತಿಲ ಮೇಲಿಟ್ಟಳು.

"ನಂದು. ನಿನ್ನಿ ತೊಟ್ಟಿದ್ದು. ಸೊಸಿ ಗೊಂಬಿ ಮಾಡ್ದಾಗ ಬಾಜೂಕ ನಂದೂ ಒಂದು ಮಾಡು."

ಮಾನಮ್ಮ ಅದನ್ನು ಎತ್ತಿಕೊಂಡಳು. ಕಂಕುಳಲ್ಲಿ ಬೆವರಿನ ಕಲೆ ಇನ್ನೂ ಇತ್ತು.

"ಒಗದಿಲ್ಲೇನು?"

"ಒಗದಿಲ್ಲ."

ಮಾನಮ್ಮ ಸೆರಗಿನಿಂದ ಸೂಜಿ ತೆಗೆದು, "ಒಳಗ ಬಾ, ಎದುರಿಗಿ ಕುಂದ್ರು. ಮಾರಿ ಕಾಣಬೇಕು" ಎಂದಳು.