ರತ್ನವ್ವನಿಗೆ ಬರೆದೆನೆಂದ ಪತ್ರ

ನಾನು ಅಜ್ಜನಾದೆ. ಹೆಣ್ಣು ಕೂಸು. ನಿನ್ನೆ ಬೆಳಿಗ್ಗೆ ನನ್ನ ಮಗಳು ಪ್ರೇಮಾ ರಾಯಚೂರಿನ ಆಸ್ಪತ್ರೆಯಿಂದ ಕೂಸನ್ನು ಕರೆದುಕೊಂಡು ಮನೆಗೆ ಬಂದಳು. ಆಟೋದಿಂದ ಇಳಿಯುವಾಗ ಕೂಸು ನನ್ನ ಬೆರಳು ಹಿಡಿದುಕೊಂಡಿತು, ಬಿಡಲಿಲ್ಲ. ಆಟೋದವನಿಗೆ ದುಡ್ಡು ಕೊಡಲು ಇನ್ನೊಂದು ಕೈ ಜೇಬಿಗೆ ಹೋಗದೆ ಒದ್ದಾಡಿದೆ, ನಕ್ಕೆ, ಕಣ್ಣೀರೂ ಬಂತು. ಇಂಥ ಸಂತೋಷದಲ್ಲಿ ಇದನ್ನು ಬರೆಯಬಾರದು. ಆದರೆ ಕೂತಲ್ಲಿ ಕೂಡಲಾಗುತ್ತಿಲ್ಲ. ಬರೆದೇಬಿಡುತ್ತೇನೆ — ಇನ್ನೊಬ್ಬರಿಗೆ ಬರೆದೆನೆಂದು ನಾನು ಹೆಂಡತಿಗೆ ಹೇಳಿದ ಪತ್ರವೊಂದಿದೆ. ಅದನ್ನು ನಾನು ಬರೆದೇ ಇರಲಿಲ್ಲ.

ನಾನು ಚರ್ಚಿನ ಸಭಾಪಾಲಕ, ಜನರ ಬಾಯಲ್ಲಿ ಅಯ್ಯನೋರು; ಭಾನುವಾರ ಪ್ರಸಂಗ, ಅಂದರೆ ಉಪದೇಶ, ಮಾಡುವವನು. ಶಾಲೆ ಕಲಿತದ್ದು ನಾಲ್ಕನೇ ಇಯತ್ತೆ. ಸತ್ಯವೇದ ಓದಿ ಓದಿ ಓದು ಕೈಗೆ ಬಂತು, ಬರವಣಿಗೆ ಅಷ್ಟಾಗಿ ಬರಲಿಲ್ಲ. ‘ಕೃತಜ್ಞತೆ’ ಎಂಬ ಒಂದು ಪದ ಬರೆಯಲು ಹೋಗಿ ಎಷ್ಟು ಹಾಳೆ ಹರಿದೆನೋ. ಜ್ಞ ಬಂದಲ್ಲಿ ಕೈ ನಿಂತುಬಿಡುತ್ತದೆ.

ಮಾನ್ವಿ ಸಭೆಯಲ್ಲಿದ್ದಾಗ ಹೆಂಡತಿ ಸುಗುಣಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದು, ರಾಯಚೂರಿನಲ್ಲಿ ಆಪರೇಷನ್ ಆಯಿತು. ಉಳಿಯುವುದು ಕಷ್ಟ ಎಂದಿದ್ದರು. ಸಿರವಾರದ ರೈಸ್‌ಮಿಲ್ ಸಾಹುಕಾರರು ಕಾರು ಕಳಿಸಿದರು. ಒಬ್ಬ ಹೈಸ್ಕೂಲ್ ಮಾಸ್ತರರು ರಕ್ತ ಕೊಟ್ಟರು. ಮತ್ತು ದೇವದುರ್ಗದಿಂದ ರತ್ನವ್ವ ಬಂದಳು. ನಾನು ಮೊದಲು ದೇವದುರ್ಗದಲ್ಲಿ ಸೇವೆ ಮಾಡುವಾಗ ಆ ಸಭೆಯಲ್ಲಿದ್ದವಳು. ಹತ್ತಿ ಬಿಡಿಸುವ ಕೂಲಿ. ಸುದ್ದಿ ಕೇಳಿದವಳೇ ಕೆಲಸ ಬಿಟ್ಟು ಬಂದು ಹಾಸಿಗೆಯ ಪಕ್ಕ ಕೂತಳು. ನನ್ನ ಹೆಂಡತಿಯ ಮೈ ಒರೆಸಿದಳು, ಬಟ್ಟೆ ಒಗೆದಳು, ನಾನು ಕೈಹಾಕಲು ಹೇಸಿದ್ದನ್ನೆಲ್ಲ — ಹೌದು, ಹೇಸಿದೆ — ಅವಳು ಮಾಡಿದಳು.

ಸುಗುಣ ಎದ್ದು ಓಡಾಡುವಂತಾದ ಮೇಲೆ ಎಲ್ಲರಿಗೂ ಎರಡು ಸಾಲು ಬರೆಯಬೇಕೆಂದುಕೊಂಡೆ. ಮೊದಲು ಸಾಹುಕಾರರಿಗೆ ಬರೆದೆ. ಆಮೇಲೆ ಡಾಕ್ಟರಿಗೆ, ಮಾಸ್ತರರಿಗೆ. ಅಷ್ಟರಲ್ಲಿ ಕ್ರಿಸ್ಮಸ್ ಬಂತು. ಹಳ್ಳಿಹಳ್ಳಿಗೆ ಆರಾಧನೆ, ಮದುವೆಗಳು, ಮಣ್ಣು ಮಾಡುವುದು. ಕ್ರಿಸ್ಮಸ್ಸಿನ ಪತ್ರಗಳೇ ಶುಭ ಶುಕ್ರವಾರ ಬಂದರೂ ಮುಗಿಯಲಿಲ್ಲ. ಪುರುಸೊತ್ತಿರಲಿಲ್ಲ, ಅದು ನಿಜ. ಆದರೆ ರತ್ನವ್ವನ ಪತ್ರ ಹಿಂದೆ ಬಿದ್ದದ್ದು ಅದಕ್ಕಲ್ಲ. ಓದಲು ಬಾರದವಳಿಗೆ ಪತ್ರವೇಕೆ, ಸಿಕ್ಕಾಗ ಬಾಯಲ್ಲೇ ಹೇಳಿದರಾಯಿತು, ನಮ್ಮವಳೇ ಅಲ್ಲವೇ — ಹೀಗೆ. ದೊಡ್ಡವರಿಗೆ ಒತ್ತಕ್ಷರ ತಿದ್ದಿ ತಿದ್ದಿ ಬರೆದವನು ನಾನೇ.

ಒಂದು ದಿನ ಸುಗುಣ ಕೇಳಿದಳು, “ರತ್ನವ್ವಗ ಬರದ್ರೇನ್ರಿ?”

“ಬರದೀನಿ” ಎಂದೆ.

ಯಾಕೆ ಹಾಗೆಂದೆ? ಗಾಡಿ ಚಾಲೂ ಮಾಡಿ ನಿಂತಿದ್ದೆ. ಇಲ್ಲ ಎಂದರೆ ಇಳಿಯಬೇಕಾಗುತ್ತಿತ್ತು. ಅಷ್ಟೇ.

ಮುಂದೆ ದೇವದುರ್ಗಕ್ಕೆ ಒಂದು ಮದುವೆಗೆ ಹೋದೆವು. ಊಟದ ಚಪ್ಪರದ ಹತ್ತಿರ ರತ್ನವ್ವ ಸಿಕ್ಕಳು. ನಾನು ಬಾಯಿ ತೆರೆಯುವ ಮೊದಲೇ ಸುಗುಣ ಅವಳ ಕೈ ಹಿಡಿದು ಕೇಳಿಬಿಟ್ಟಳು, “ಅಯ್ಯನೋರ ಪತ್ರ ಮುಟ್ಟಿತಿಲ್ಲ ಯವ್ವಾ?”

ರತ್ನವ್ವ ನನ್ನನ್ನು ನೋಡಿದಳು. ನಾನು ಚಪ್ಪರದ ಗಳ ನೋಡಿದೆ.

“ಮುಟ್ಟೇದ್ರಿ ಪಾಸ್ಟರಮ್ಮಾರ. ಮಗಳ ಕಡಿಂದ ಓದಿಸೀನಿ.”

“ಏನಂತ ಬರದಾರ?”

“ಏನ್ ಹೇಳಲ್ರಿ. ‘ಸುಗುಣ ಮುಂದಿನ ಸಾಲಿನ್ಯಾಗ ಕುಂದರಲಿಲ್ಲಂದ್ರ ನಾ ಯಾರ ಮಾರಿ ನೋಡಿ ಪ್ರಸಂಗ ಮಾಡ್ಲಿ ರತ್ನವ್ವಾ, ಆ ಮಾರಿ ನೀ ಉಳಿಸಿಕೊಟ್ಟಿ’ ಅಂತ ಬರದಾರ. ಅಷ್ಟು ದೊಡ್ಡ ಮಾತು ನನಗ್ಯಾಕ್ರಿ ಅಯ್ಯನೋರ?”

ನನ್ನ ಮಾನ ಕಾಯಲು ಅವಳು ನಿಂತಲ್ಲೇ ಕಟ್ಟಿದ ಪತ್ರ ಅದು. ಆಗಲೂ ಒಪ್ಪಿಕೊಳ್ಳಬಹುದಿತ್ತು. ನಾನು ಅಂದದ್ದು, “ಇದ್ದದ್ದನ್ನ ಬರದೀನವ್ವ.”

ಮೊದಲ ಸುಳ್ಳು ಅವಸರದ್ದು. ಇದು ಅವಸರದ್ದಲ್ಲ. ಸುಗುಣಳ ಮುಖ ನೋಡಿಯೇ ಹೇಳಿದೆ. ಆ ಮುಖ ಅಂದು ಹೇಗೆ ಅರಳಿತ್ತೆಂದರೆ — ಲಗ್ನವಾದಾಗಿನಿಂದ ಅಂಥ ಮಾತೊಂದನ್ನು ನಾನು ಅವಳಿಗೆ ಆಡಿರಲಿಲ್ಲ. ಆಡಲು ಬರುವುದೂ ಇಲ್ಲ. ಅಂದಿನಿಂದ ಆ ಮಾತು ಅವಳದಾಯಿತು. ಸ್ತ್ರೀಯರ ಕೂಟದಲ್ಲಿ ಹೇಳಿದಳು, ಮಗಳಿಗೆ ಹೇಳಿದಳು. ನಾನು ಸಿಟ್ಟು ಮಾಡಿದ ದಿನ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಪ್ರತಿ ಭಾನುವಾರ ಮುಂದಿನ ಸಾಲಿನಲ್ಲಿ ಕೂತು ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಳು. ನಾನು ಹಿಂದಿನ ಗೋಡೆ ನೋಡಿ ಪ್ರಸಂಗ ಮಾಡುತ್ತಿದ್ದೆ. ದೇವದುರ್ಗಕ್ಕೆ ಕರೆ ಬಂದರೆ ಏನಾದರೊಂದು ನೆವ ಹೇಳಿ ಬೇರೆಯವರನ್ನು ಕಳಿಸುತ್ತಿದ್ದೆ.

ನಿನ್ನೆ ಮಧ್ಯಾಹ್ನ ರತ್ನವ್ವ ಬಾಣಂತಿಗೆ ಅಂಟಿನುಂಡಿ ಕಟ್ಟಿಕೊಂಡು ಬಂದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, “ಮೂಗು ಅಯ್ಯನೋರದ ಅದ, ಪಾಪ, ದೊಡ್ಡಾಕ್ಯಾದ ಮ್ಯಾಲ ಬೈತಾಳ” ಅಂದಳು. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಸುಗುಣ, ಕೂಸು ನೋಡಲು ಬಂದಿದ್ದ ಅಳಿಯನ ತಾಯಿಗೆ ಆ ಪತ್ರದ ಮಾತು ಹೇಳಲು ಶುರು ಮಾಡಿದಳು. ಹೇಳಿ ನನ್ನ ಕಡೆ ತಿರುಗಿ, “ಮೊಮ್ಮಗಳಿಗೂ ಅಂಥಾದೊಂದು ಮಾತು ಬರದಿಡ್ರಿ” ಅಂದಳು.

“ಆ ಪತ್ರ ನಾ ಬರದಿಲ್ಲ” ಎಂದೆ.

ರತ್ನವ್ವ ಕೂಸನ್ನು ಪ್ರೇಮಾಳ ತೊಡೆಗೆ ಸರಿಸಿದಳು.

“ನನಗ ಬೈರಿ ಪಾಸ್ಟರಮ್ಮಾರ,” ರತ್ನವ್ವ ಅಂದಳು. “ಕಟ್ಟಿ ಹೇಳಿದಾಕಿ ನಾ.”

ಸುಗುಣ ಅವಳಿಗೆ ಬೈಯಲಿಲ್ಲ. ನನ್ನನ್ನು ಕೇಳಿದಳು, “ಹಂಗಾದ್ರ ಆ ಮಾತು ಈಕಿದು. ನಿಮ್ಮ ಮಾತು ಯಾವುದ್ರಿ?”

ಅವಳು ಎದ್ದು ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಸಂಜೆಯವರೆಗೂ ನಾನು ಅಂಗಳಕ್ಕೂ ಪಡಸಾಲೆಗೂ ತಿರುಗಿದೆ. ರತ್ನವ್ವನ ಎದುರು ನಿಂತು, “ನೀ ಮಾಡಿದ್ದು ಮರ್ತಿಲ್ಲವ್ವ” ಅಂದೆ. ಅವಳು “ಗೊತ್ತದ್ರಿ” ಎಂದಳು. ಎಷ್ಟೋ ವರ್ಷ ಮುಂದೂಡಿದ್ದು ಇಷ್ಟೇ ಇಷ್ಟು. ಸುಗುಣಳಿಂದ ನಾನು ಕಿತ್ತುಕೊಂಡದ್ದು ಇಷ್ಟಕ್ಕೆ ಮುಗಿಯುವುದಿಲ್ಲ.

ಕತ್ತಲಾದ ಮೇಲೆ ಎಲ್ಲರೂ ಊಟಕ್ಕೆ ಕೂತರು. ರೊಟ್ಟಿ, ಪುಂಡಿಪಲ್ಯ, ಅನ್ನ. ಸುಗುಣ ರತ್ನವ್ವನ ಮಗ್ಗುಲಿಗೆ ಕೂತಳು. ಎಲ್ಲರೂ ಕಣ್ಣು ಮುಚ್ಚಿ ನನ್ನ ಪ್ರಾರ್ಥನೆಗೆ ಕಾದರು. ಊಟಕ್ಕೆ ಮೊದಲು ದೇವರಿಗೆ ಸ್ತೋತ್ರ ಹೇಳುವುದನ್ನು ನಾನು ಒಂದು ಹೊತ್ತೂ ತಪ್ಪಿಸಿದವನಲ್ಲ, ನಿದ್ದೆಗಣ್ಣಲ್ಲೂ ಬರುತ್ತದೆ. ನಿನ್ನೆ ಬರಲಿಲ್ಲ. ಕಣ್ಣು ತೆರೆದೆ. ಸುಗುಣ ಕೂಡ ತೆರೆದೇ ಇದ್ದಳು, ನನ್ನನ್ನೇ ನೋಡುತ್ತಿದ್ದಳು. ಈ ಸಲ ನಾನು ಬೇರೆ ಕಡೆ ನೋಡಲಿಲ್ಲ.

“ಆಮೇನ್ ಅನ್ರಿ ಅಯ್ಯನೋರ,” ರತ್ನವ್ವ ಅಂದಳು, “ಬಾಣಂತಿ ಹಸದಾಳ.”

ಅಂದೆ. ಎಲ್ಲರೂ ಉಂಡೆವು.