ಮೂರು ಸಲದ ಉಪ್ಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬ್ರೆಡ್ ಫ್ಯಾಕ್ಟರಿಯ ಹಿಟ್ಟು ನಾದುವ ಯಂತ್ರದ ಮುಂದೆ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಾಳೆ ಅದರ ಪ್ರೋಗ್ರಾಮರ್. ಹುಬ್ಬಿನ ತುಂಬ ಮೈದಾ. ಯಂತ್ರ ಒಂದು ಸಲ ಉಪ್ಪು ಸುರಿಯುತ್ತದೆ, ಎರಡು ಸಲ, ಮೂರು ಸಲ. ಅವಳ ಕಣ್ಣು ಉಪ್ಪಿನ ಡಬ್ಬಿಯ ಮುಚ್ಚಳದ ಮೇಲೆ. ನಾಲ್ಕನೆಯದೂ ಬಿದ್ದರೆ ಪಕ್ಕದಲ್ಲಿ ನಿಂತಿರುವ ಹಿರಿಯ ಬೇಕರಿ ಮಾಸ್ಟರ್ ಇವತ್ತೇ ಕೆಲಸ ಬಿಟ್ಟು ಮನೆಗೆ ಹೋಗಬೇಕು.

ಊರು ತಿನ್ನುವ ಬ್ರೆಡ್ಡಿನ ಹಿಂದೆ ಇಂಥವಳೊಬ್ಬಳು ಇದ್ದಾಳೆಂದು ಯಾರಿಗೂ ಗೊತ್ತಿಲ್ಲ. ಯಂತ್ರ ಕೆಟ್ಟರಷ್ಟೇ ಅವಳ ನೆನಪು. "ಬ್ರೆಡ್ ಫ್ಯಾಕ್ಟರಿ ಅಂತೀಯ, ಒಂದು ದಿನ ಆದ್ರೂ ಹಿಟ್ಟು ಮುಟ್ಟಿದ್ದೀಯಾ?" ಎಂದು ಮನೆಯಲ್ಲಿ ಅತ್ತೆಯೇ ಕಾಲೆಳೆಯುತ್ತಾರೆ.

ಕಳೆದ ತಿಂಗಳು ಹೊಸ ಪ್ರೋಗ್ರಾಂ ಬಂದ ಮೇಲೆ ಸಣ್ಣ ಬ್ರೆಡ್ಡಿನಲ್ಲಿ ಉಪ್ಪು ಜಾಸ್ತಿ ಎಂಬ ದೂರು ಶುರುವಾಯಿತು. ತಪ್ಪು ನೇರ ಮಾಸ್ಟರ್ ತಲೆಯ ಮೇಲೆ ಬಂತು. ಹಿಟ್ಟಿನ ರುಚಿ ನೋಡಿ ಒಂದು ಚಿಟಿಕೆ ಸೇರಿಸುವುದು ಅವರ ಹಳೆಯ ಚಾಳಿ. ನಾಲಿಗೆ ಕೆಟ್ಟಿದೆ, ಸಾಕು ಎಂದರು ಮ್ಯಾನೇಜರ್.

"ನಾನು ಚಿಟಿಕೇನೂ ಹಾಕಿಲ್ಲಮ್ಮ. ನಾಲ್ಕು ಸಲ ಉಪ್ಪು ಬೀಳೋ ದೊಡ್ಡ ಬ್ರೆಡ್ಡಿನ ಹಿಟ್ಟು ಸರಿಯಾಗೇ ಇರುತ್ತೆ, ಮೂರು ಸಲದ ಸಣ್ಣ ಬ್ರೆಡ್ಡಿಂದೇ ಕೆಡೋದು," ಎಂದರು ಮಾಸ್ಟರ್, ಕಣ್ಣು ತುಂಬಿಕೊಂಡು. ಆ ಮಾತು ಅವಳ ತಲೆ ಕೊರೆಯಿತು.

ಯಂತ್ರ ಸಲಕ್ಕೆ ಪಾಯಿಂಟ್ ಒಂದು ಕಿಲೋ ಸುರಿಯುತ್ತದೆ. ಸಣ್ಣ ಬ್ರೆಡ್ಡಿನ ಹಿಟ್ಟಿಗೆ ಮೊತ್ತ ಪಾಯಿಂಟ್ ಮೂರಕ್ಕೆ ಸಮವಾದಾಗ ನಿಲ್ಲಬೇಕು. "ಹತ್ತನ್ನ ಮೂರರಿಂದ ಭಾಗಿಸಿದ್ರೆ ಪಾಯಿಂಟ್ ಆದ್ಮೇಲೆ ಮೂರು ಮುಗಿಯೋದೇ ಇಲ್ವಲ್ಲ? ಕಂಪ್ಯೂಟರ್‌ಗೆ ಪಾಯಿಂಟ್ ಒಂದೂ ಹಂಗೇ," ಎಂದು ಅವಳು ಮಾಸ್ಟರ್‌ಗೆ ವಿವರಿಸಿ ನಕ್ಕಳು. "ಎಲ್ಲೋ ಒಂದು ಕಡೆ ಕತ್ತರಿಸಿ, ಕೊನೇ ಅಂಕಿನ ಸ್ವಲ್ಪ ಏರಿಸಿ ಇಟ್ಕೊಳ್ಳುತ್ತೆ. ಮೂರು ಸಲ ಕೂಡಿಸಿದ್ರೆ ಕೂದಲೆಳೆಯಷ್ಟು ಜಾಸ್ತಿ. ಸಮ ಆಗ್ಲಿಲ್ಲ ಅಂತ, ಟೈಮ್ ಮುಗಿದು ಮುಚ್ಚಳ ಬೀಳೋಷ್ಟರಲ್ಲಿ ಇನ್ನೊಂದು ಸಲ ಸುರಿದುಬಿಡುತ್ತೆ. ನಾಲ್ಕು ಸಲ ಕೂಡಿಸಿದ್ರೆ ಅದೃಷ್ಟಕ್ಕೆ ಸರಿಹೋಗುತ್ತೆ!"

ಅವಳು ಬದಲಿಸಿದ್ದು ಒಂದೇ ಸಾಲು. 'ಸಮವಾಯಿತೇ?' ಎಂದು ಕೇಳುತ್ತಿದ್ದ ಯಂತ್ರ ಈಗ 'ಹತ್ತಿರ ಬಂತೇ?' ಎಂದು ಕೇಳುತ್ತದೆ.

ಮೂರನೆಯದು ಬಿದ್ದದ್ದೇ ಮುಚ್ಚಳ ಟಪ್ಪೆಂದು ಮುಚ್ಚುತ್ತದೆ. ನಾಲ್ಕನೆಯದು ಬೀಳುವುದಿಲ್ಲ! ಮಾಸ್ಟರ್ ಹಿಟ್ಟು ಚಿವುಟಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ, ಆಮೇಲೆ ನೋಡಲು ಬಂದು ನಿಂತಿದ್ದ ಮ್ಯಾನೇಜರ್ ಕೈಗೂ ಒಂದು ಚೂರು ಇಡುತ್ತಾರೆ. "ತಪ್ಪು ನಂದು ಮಾಸ್ಟ್ರೇ, ನೀವೆಲ್ಲೂ ಹೋಗ್ಬೇಡಿ," ಎನ್ನುತ್ತಾರೆ ಮ್ಯಾನೇಜರ್, ಎಲ್ಲರೆದುರಿಗೇ. ಒಲೆಯ ಹುಡುಗಿಯರು ಖಾಲಿ ಟ್ರೇ ಬಡಿದು ಕಿವಿ ಕಿತ್ತುಹೋಗುವಂತೆ ಗದ್ದಲ ಎಬ್ಬಿಸುತ್ತಾರೆ. ಸಂತೋಷಕ್ಕೆ ಲ್ಯಾಪ್‌ಟಾಪ್ ಹಿಡಿದವಳ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಸಂಜೆ ಮನೆಯಲ್ಲಿ ಅತ್ತೆ ಬ್ರೆಡ್ ಮುರಿದು ಬಾಯಿಗಿಡುತ್ತಾರೆ. "ಇವತ್ತು ಹದವಾಗಿದೆ. ಮಾಸ್ಟರ್ ಕೈ ಮತ್ತೆ ಸರಿಹೋಯ್ತಾ?"

"ಅವರ ಕೈ ಕೆಟ್ಟೇ ಇರ್ಲಿಲ್ಲ ಅತ್ತೆ," ಎನ್ನುತ್ತಾಳೆ ಸೊಸೆ, ಹುಬ್ಬಿನ ಮೈದಾ ಒರೆಸಿಕೊಳ್ಳದೆ.